ತಟ್ಟೆಯಲ್ಲಿ ಗೆದ್ದ ಸೊಪ್ಪು

ಕಾರ್ತಿಕ ಮಾಸದಲ್ಲಿ ಕಟ್ಟಾಯದ ಬೇಲಿಗಳ ಮೇಲಿನ ಇಬ್ಬನಿ ಆರಬೇಕಾದರೆ ಬಿಸಿಲು ಚೆನ್ನಾಗಿ ಮೇಲೇರಬೇಕು. ಅಲ್ಲಿಯವರೆಗೆ ಸೊಪ್ಪು ಕೀಳುವಂತಿಲ್ಲ. ಒದ್ದೆ ಎಲೆ ಚೀಲದೊಳಗೆ ಬೆವರುತ್ತದೆ, ಮರುದಿನ ಕಪ್ಪಾಗುತ್ತದೆ, ಆಮೇಲೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಎಲೆಯ ಸಾರ ಬ್ಯಾಕ್ಟೀರಿಯಾವನ್ನು ಕೊಂದರೆ, ಕೊಂದದ್ದು ಎಲೆಯೋ ಬೂಸ್ಟೋ ಎಂದು ಹೇಳುವವರು ಯಾರು? ಪೆನಿಸಿಲಿನ್ ಸಿಕ್ಕಿದ್ದೇ ಬೂಸ್ಟಿನಲ್ಲಿ.

ಅದಕ್ಕೇ ಹುಡುಗಿ ಕಾಯುತ್ತಾಳೆ. ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ, ಹಬ್ಬಕ್ಕೆ ಊರಿಗೆ ಬಂದವಳು ಪ್ರಾಜೆಕ್ಟಿನ ಕೆಲಸವನ್ನೂ ಹೊತ್ತುಕೊಂಡು ಬಂದಿದ್ದಾಳೆ. ಕೈಯಲ್ಲಿ ಹಳೆಯ ಪತ್ರಿಕೆಯಿಂದ ಮಾಡಿದ ಪೊಟ್ಟಣಗಳು, ಒಂದೊಂದರ ಮೇಲೂ ಗಿಡದ ಹೆಸರು, ತಾರೀಖು, ಜಾಗ. ಹಿಂದೆ ಅಜ್ಜಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಡುಗೋಲು ಹಿಡಿದು.

‘ಲಕ್ಕಿ ಸೊಪ್ಪು ಯಾಕವ್ವ ನಿಂಗೆ? ಅದು ಬಾಣಂತಿ ನೀರಿಗೆ ಹಾಕೋದು, ರಾಗಿ ಕಣಜಕ್ಕೆ ಹಾಕೋದು. ಹೊಟ್ಟೆಗೆ ಅಲ್ಲ ಕಣವ್ವ.’

‘ಹೊಟ್ಟೆ ಕೆಟ್ರೆ ಏನ್ ಕೊಡ್ತಿದ್ರಿ ಅಜ್ಜಿ?’

‘ಸೀಬೆ ಕುಡಿ. ಇಲ್ಲಾಂದ್ರೆ ದಾಳಿಂಬೆ ಸಿಪ್ಪೆ ಕಷಾಯ. ಮಜ್ಜಿಗೇಲಿ ಕದಡಿ.’

ಹುಡುಗಿ ಬರೆದುಕೊಳ್ಳುತ್ತಾಳೆ. ಪ್ರಯೋಗದ ಮೊದಲ ಜರಡಿ ಇದೇ. ನೂರಾರು ಗಿಡಗಳನ್ನು ಕಣ್ಣುಮುಚ್ಚಿ ಪರೀಕ್ಷಿಸುವುದಕ್ಕಿಂತ ಹೊಟ್ಟೆಗೆಂದು ಬಳಸಿದ್ದು ಯಾವುದು, ಮೈಗೆಂದು ಬಳಸಿದ್ದು ಯಾವುದು ಎಂದು ಬಲ್ಲವರನ್ನು ಕೇಳಿಕೊಂಡು ಶುರುಮಾಡಿದರೆ ಅರ್ಧ ದಾರಿ ಸಾಗಿದಂತೆ. ಸೀಬೆಯ ಚಿಗುರಿನಲ್ಲೂ ದಾಳಿಂಬೆಯ ಸಿಪ್ಪೆಯಲ್ಲೂ ತುಂಬಿರುವುದು ಒಗರು, ಅಂದರೆ ಟ್ಯಾನಿನ್. ಅದು ಪ್ರೋಟೀನಿಗೆ ಅಂಟಿಕೊಂಡು ಬಿಗಿದು ಹಿಡಿಯುವ ಗುಣದ್ದು. ಈ ಗುಣ ಮುಂದೆ ಒಂದು ಕಡೆ ಉಪಕಾರ ಮಾಡುತ್ತದೆ, ಇನ್ನೊಂದು ಕಡೆ ಕೈಕೊಡುತ್ತದೆ.

ಕಟ್ಟಾಯ ಹಾಸನ ತಾಲ್ಲೂಕಿನ ಹೋಬಳಿ. ಪಶ್ಚಿಮಕ್ಕೆ ಹೋದರೆ ಸಕಲೇಶಪುರದ ಮಲೆನಾಡು, ಪೂರ್ವಕ್ಕೆ ಚನ್ನರಾಯಪಟ್ಟಣ, ಅರಸೀಕೆರೆಯ ಬಯಲು. ಎರಡರ ನಡುವಿನ ಅರೆಮಲೆನಾಡು ಇದು, ಹಾಗಾಗಿ ಎರಡೂ ಕಡೆಯ ಗಿಡಗಳು ಇಲ್ಲಿ ನೆಂಟಸ್ತಿಕೆ ಇಟ್ಟುಕೊಂಡಿವೆ. ಹೊಲದಲ್ಲಿ ರಾಗಿ, ಮುಸುಕಿನ ಜೋಳ, ಆಲೂಗಡ್ಡೆ, ಶುಂಠಿ. ಬೇಲಿಯಲ್ಲಿ ಹಳದಿ ಹೂ ಹೊತ್ತ ತಂಗಡಿ, ನೀಲಿ ತೆನೆಯ ಲಕ್ಕಿ, ಸೀರೆಯ ಅಂಚಿಗೆ ಹತ್ತಿಕೊಂಡು ಮನೆವರೆಗೂ ಬರುವ ಉತ್ತರಾಣಿ, ಬದುವಿನ ಮೇಲೆ ಬಿಳಿ ತುಂಬೆ, ಎಲ್ಲವನ್ನೂ ನುಂಗುತ್ತ ಬರುತ್ತಿರುವ ಲಾಂಟಾನ. ಹಿತ್ತಲಲ್ಲಿ ಕರಿಬೇವು, ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ದೊಡ್ಡಪತ್ರೆ. ಔಷಧಿ ಗಿಡವೆಂದರೆ ಕಾಡಿಗೆ ಹೋಗಬೇಕು ಎಂದುಕೊಂಡವರು ಯಾವುದಾದರೂ ಹಿತ್ತಲ ಬಾಗಿಲಲ್ಲಿ ಒಮ್ಮೆ ನಿಂತು ನೋಡಬೇಕು.

ಕಿತ್ತ ಪ್ರತಿ ಗಿಡದ ಒಂದು ರೆಂಬೆಯನ್ನು ಹೂವಿನ ಸಮೇತ ಪತ್ರಿಕೆಯ ನಡುವೆ ಒತ್ತಿ ಇಡುತ್ತಾಳೆ. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ ಸಸ್ಯಶಾಸ್ತ್ರದವರಿಂದ ಗುರುತು ಮಾಡಿಸಿಕೊಳ್ಳಬೇಕು. ಒಂದೇ ಹೆಸರು ಒಂದೊಂದು ಸೀಮೆಯಲ್ಲಿ ಒಂದೊಂದು ಗಿಡಕ್ಕೆ ಸಲ್ಲುವುದುಂಟು. ಆ ಹಾಳೆ ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಈ ಪ್ರಯೋಗವನ್ನು ಮತ್ತೆ ಮಾಡಿ ನೋಡಲು ಬರುವುದಿಲ್ಲ.

ಇನ್ನು ಎದುರಾಳಿಗಳ ಕಡೆಗೆ ಬರೋಣ. ಬೀಗರೂಟ ಮುಗಿಸಿ ಬಂದವರ ಮನೆಯಲ್ಲಿ ರಾತ್ರಿಯೇ ವಾಂತಿ ಶುರುವಾದರೆ ಅನುಮಾನ ಇಬ್ಬರ ಮೇಲೆ. ಒಬ್ಬ ಸ್ಟ್ಯಾಫಿಲೋಕಾಕಸ್ ಆರಿಯಸ್, ಅಡುಗೆಯವರ ಮೂಗಿನಲ್ಲಿ, ಕೈಯ ಗಾಯದಲ್ಲಿ ಮನೆಮಾಡಿಕೊಂಡು ಖೋವಾ, ಪೇಡಾ, ಖೀರಿಗೆ ಇಳಿಯುವವನು. ಇನ್ನೊಬ್ಬ ಬ್ಯಾಸಿಲಸ್ ಸೀರಿಯಸ್, ಮಣ್ಣಿನಿಂದ ಅಕ್ಕಿಗೆ ಬರುವವನು. ಅನ್ನ ಬೇಯುವಾಗ ಇವನ ಬೀಜಕಣಗಳು ಸಾಯುವುದಿಲ್ಲ. ಬೆಂದ ಅನ್ನ ಮುಚ್ಚಿದ ತಪ್ಪಲೆಯಲ್ಲಿ ರಾತ್ರಿಯೆಲ್ಲ ಬೆಚ್ಚಗೆ ಕೂತರೆ ಅವು ಎದ್ದು ಬೆಳೆಯುತ್ತವೆ, ವಿಷ ಉಗುಳುತ್ತವೆ. ಬೆಳಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೂ ಆ ವಿಷ ಬಾಣಲೆಯ ಬಿಸಿಗೆ ಜಗ್ಗದು. ರಾತ್ರಿ ಸುಮ್ಮನಿದ್ದು ಮರುದಿನ ಜ್ವರ, ಹೊಟ್ಟೆನುಲಿತ, ಭೇದಿ ಕಾಣಿಸಿಕೊಂಡರೆ ಸಾಲ್ಮೊನೆಲ್ಲಾ ಇದ್ದೀತು. ನೀರು ಕೊಳಕಾಗಿದ್ದರೆ ಇ. ಕೊಲೈ ವಂಶದ ಕೆಲವು ಕೆಟ್ಟ ತಳಿಗಳು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನಂತೆ ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಮಂದಿ ಸಾಯುತ್ತಾರೆ. ಸತ್ತವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಐದು ವರ್ಷ ತುಂಬದ ಮಕ್ಕಳು.

ಕಾಲೇಜಿನ ಪ್ರಯೋಗಶಾಲೆಗೆ ಈ ಬ್ಯಾಕ್ಟೀರಿಯಾಗಳು ಬೀಗರೂಟದಿಂದ ಬರುವುದಿಲ್ಲ, ಚಂಡೀಗಢದಿಂದ ಬರುತ್ತವೆ. ಅಲ್ಲಿನ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ಎಂಟಿಸಿಸಿ ಎಂಬ ಭಂಡಾರದಲ್ಲಿ ಒಂದೊಂದು ತಳಿಗೂ ಒಂದೊಂದು ಸಂಖ್ಯೆ. ಇ. ಕೊಲೈ 443 ಎಂದರೆ ಧಾರವಾಡದಲ್ಲೂ ಅದೇ, ಹಾಸನದಲ್ಲೂ ಅದೇ. ಬೆರಳುದ್ದದ ಗಾಜಿನ ಕೊಳವೆ, ತಳದಲ್ಲಿ ಹಾಲಿನ ಪುಡಿಯಂಥ ಚಿಟಿಕೆ ಧೂಳು. ಅಷ್ಟೇ. ಅದಕ್ಕೆ ಪೋಷಕ ದ್ರವದ ನಾಲ್ಕು ಹನಿ ಬಿಟ್ಟು 37 ಡಿಗ್ರಿಯಲ್ಲಿ ಇಟ್ಟರೆ ಮರುದಿನ ದ್ರವ ಮಬ್ಬಾಗಿರುತ್ತದೆ. ನಿದ್ದೆಯಲ್ಲಿದ್ದವು ಎದ್ದಿವೆ.

ಎಲೆಗಳು ಅಷ್ಟರಲ್ಲಿ ನೆರಳಿನಲ್ಲಿ ಒಣಗಿರುತ್ತವೆ. ಬಿಸಿಲಿಗೆ ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ದೊಡ್ಡಪತ್ರೆ, ಲಕ್ಕಿಯಂಥವುಗಳ ಸುವಾಸನೆಯ ಎಣ್ಣೆ ಆರಿಹೋಗುತ್ತದೆ, ಪರೀಕ್ಷೆಗೆ ಬೇಕಾದದ್ದು ಅದೇ. ಒಣಗಿದ್ದನ್ನು ಮಿಕ್ಸಿಯಲ್ಲಿ ಪುಡಿಮಾಡಿ, ಜರಡಿ ಹಿಡಿದು, ಬಾಟಲಿಗೆ ತುಂಬುತ್ತಾರೆ. ದಾಳಿಂಬೆ ಸಿಪ್ಪೆಯ ಪುಡಿ ಮಾಸಲು ಹಳದಿ, ಸೀಬೆ ಎಲೆಯದ್ದು ಕಂದು ಹಸಿರು. ತಂಗಡಿಯ ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ.

ಪುಡಿಯಿಂದ ಸಾರ ತೆಗೆಯುವ ಗಾಜಿನ ಉಪಕರಣಕ್ಕೆ ಸಾಕ್ಸ್‌ಲೆಟ್ ಎಂದು ಹೆಸರು. ಕೆಳಗೆ ದುಂಡು ಫ್ಲಾಸ್ಕಿನಲ್ಲಿ ಮೆಥನಾಲ್ 65 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆವಿ ಮೇಲೇರಿ, ತಣ್ಣೀರು ಹರಿಯುವ ಕೊಳವೆಯಲ್ಲಿ ಹನಿಯಾಗಿ, ನಡುವಿನ ಕಾಗದದ ಚೀಲದಲ್ಲಿರುವ ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ಕೋಣೆ ತುಂಬುತ್ತಿದ್ದಂತೆ ಪಕ್ಕದ ಸಣ್ಣ ನಳಿಗೆಯ ಮೂಲಕ ‘ಗುಳಕ್’ ಎಂದು ಎಲ್ಲವೂ ಕೆಳಕ್ಕೆ ಇಳಿದುಹೋಗುತ್ತದೆ. ಮತ್ತೆ ಆವಿ, ಮತ್ತೆ ಹನಿ. ಒಂದೇ ಕಾಫಿಪುಡಿಯ ಮೇಲೆ ಮತ್ತೆ ಮತ್ತೆ ಹೊಸ ನೀರು ಹೊಯ್ದು ಡಿಕಾಕ್ಷನ್ ಇಳಿಸಿದ ಹಾಗೆ, ಪುಡಿ ಬಿಳಿಚಿಕೊಳ್ಳುವವರೆಗೆ. ಜರ್ಮನಿಯ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ಇದನ್ನು ವಿವರಿಸಿದ್ದು ಗಿಡಮೂಲಿಕೆಗೆಂದಲ್ಲ, ಹಾಲಿನ ಕೊಬ್ಬನ್ನು ಅಳೆಯಲು. ಬೆಳಗಾಗೆದ್ದು ಡೇರಿಗೆ ಹಾಲು ಹಾಕಿ, ಫ್ಯಾಟು ಎಷ್ಟು ಬಂತೆಂದು ಚೀಟಿ ನೋಡುವ ಹಾಸನ ಸೀಮೆಯ ಮನೆಯ ಹುಡುಗಿಗೆ ಈ ಸಂಗತಿ ತಿಳಿದರೆ ಖುಷಿಯಾಗದೆ ಇರದು.

ಎಲ್ಲವನ್ನೂ ಒಂದೇ ದ್ರಾವಕ ಬಿಡಿಸಿಕೊಳ್ಳುವುದಿಲ್ಲ. ಮೇಣ, ಜಿಡ್ಡಿನಂಥವನ್ನು ಪೆಟ್ರೋಲಿಯಂ ಈಥರ್ ಎತ್ತುತ್ತದೆ. ಒಗರಿನ ಅಂಶಕ್ಕೆ ಮೆಥನಾಲ್, ಅಸಿಟೋನ್ ಬೇಕು. ಅಜ್ಜಿಯ ಕಷಾಯಕ್ಕೆ ಬರಿಯ ನೀರು. ಪ್ರತಿಯೊಂದನ್ನೂ ಕಡಿಮೆ ಶಾಖದಲ್ಲಿ ಆವಿಮಾಡಿ ತೆಗೆದರೆ ಉಳಿಯುವುದು ಕಪ್ಪಗಿನ ಅಂಟು, ಚಮಚಕ್ಕೆ ಹತ್ತಿದರೆ ಬಿಡದು. ಬುಟ್ಟಿ ತುಂಬ ತಂದ ಸೊಪ್ಪು ಒಂದು ಸಣ್ಣ ಶೀಷೆಯ ತಳದಲ್ಲಿ ಮುಗಿದಿರುತ್ತದೆ.

ಇನ್ನು ತಟ್ಟೆಗಳು. ಜರ್ಮನಿಯ ಬ್ಯಾಕ್ಟೀರಿಯಾ ತಜ್ಞ ರಾಬರ್ಟ್ ಕೋಚ್‌ನ ಪ್ರಯೋಗಶಾಲೆಯ ಜೂಲಿಯಸ್ ಪೆಟ್ರಿ 1887ರಲ್ಲಿ ಪ್ರಕಟಿಸಿದ, ಮುಚ್ಚಳವಿರುವ ಚಪ್ಪಟೆ ಬಟ್ಟಲು ಇವತ್ತಿಗೂ ಹಾಗೆಯೇ ಇದೆ. ಅದರೊಳಗಿನ ಅಗರ್ ಬಂದದ್ದು ಅಡುಗೆಮನೆಯಿಂದ. ಅದೇ ಪ್ರಯೋಗಶಾಲೆಯ ವಾಲ್ಟರ್ ಹೆಸ್ಸೆಯ ಮಾಂಸರಸದ ಜೆಲಾಟಿನ್ ಬೇಸಗೆಯಲ್ಲಿ ಕರಗಿ ನೀರಾಗುತ್ತಿದ್ದಾಗ, ಹೆಂಡತಿ ಫ್ಯಾನಿ ಹೆಸ್ಸೆ ತಾನು ಜೆಲ್ಲಿಗೆ ಹಾಕುವ ಅಗರ್ ಹಾಕಿ ನೋಡೆಂದಳು, 1881ರಲ್ಲಿ. ನಮ್ಮ ದಿನಸಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಕಡಲಪಾಚಿಯ ಸರಕು ಅದೇ. ಆಕೆಯ ಹೆಸರಿನಲ್ಲಿ ಯಾವ ತಟ್ಟೆಯೂ ಇಲ್ಲ, ಬಟ್ಟಲು ಮಾಡಿದವನ ಹೆಸರು ಮಾತ್ರ ದಿನಕ್ಕೆ ಸಾವಿರ ಬಾರಿ ಕೇಳಿಸುತ್ತದೆ.

ಸ್ಪಿರಿಟ್ ದೀಪದ ಪಕ್ಕದಲ್ಲಿ, ಗಾಳಿ ಸೋಸುವ ಗಾಜಿನ ಮರೆಯೊಳಗೆ ಕೈ ತೂರಿಸಿ ಅವಳು ಕೂತಿದ್ದಾಳೆ. ಹತ್ತಿಯ ಕಡ್ಡಿಯನ್ನು ಬ್ಯಾಕ್ಟೀರಿಯಾ ದ್ರವದಲ್ಲಿ ಅದ್ದಿ, ಅಂಚಿಗೆ ಒತ್ತಿ ಹಿಂಡಿ, ಅಗರಿನ ಮೈಮೇಲೆ ಒಂದಿಷ್ಟೂ ಜಾಗ ಬಿಡದೆ ಸಾರಿಸುತ್ತಾಳೆ. ದ್ರವದ ಮಬ್ಬು ಎಷ್ಟಿರಬೇಕೆಂಬುದಕ್ಕೂ ಅಳತೆಯಿದೆ. ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಕೋಶ ಬರುವಂತೆ ಮಾದರಿ ನಳಿಗೆಯೊಂದಿಗೆ ಹೋಲಿಸಿ ನೋಡಬೇಕು. ಆಮೇಲೆ 6 ಮಿಲಿಮೀಟರ್ ಅಗಲದ ಕೊಳವೆಯಿಂದ ಅಗರಿನಲ್ಲಿ ಗುಳಿ ಕೊರೆದು, ಒಂದೊಂದು ಗುಳಿಗೂ ಒಂದೊಂದು ಸಾರ. ಒಂದು ಗುಳಿಗೆ ಗೊತ್ತಿರುವ ಆಂಟಿಬಯಾಟಿಕ್. ಇನ್ನೊಂದಕ್ಕೆ ಸೊಪ್ಪೇ ಇಲ್ಲದ ಬರಿಯ ದ್ರಾವಕ. ಈ ಕೊನೆಯ ಗುಳಿಯನ್ನು ಬಿಟ್ಟು ಬರೆದ ವರದಿಯನ್ನು ನಾನು ಓದುವುದಿಲ್ಲ. ದ್ರಾವಕವೇ ಕೊಲ್ಲುತ್ತಿದ್ದರೆ ಹೊಗಳಿಕೆ ಸೊಪ್ಪಿಗೆ ಯಾಕೆ ಹೋಗಬೇಕು?

ರಾತ್ರಿಯೆಲ್ಲ ತಟ್ಟೆಗಳು ತಲೆಕೆಳಗಾಗಿ ಮಲಗುವುದಿಲ್ಲ ಈ ಸಲ, ಗುಳಿಯಲ್ಲಿ ದ್ರವವಿದೆಯಲ್ಲ. ಇನ್ಕ್ಯುಬೇಟರಿನ ಕೆಂಪು ದೀಪ ಹತ್ತುತ್ತದೆ, ಆರುತ್ತದೆ.

ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ವಾಸನೆ. ಇ. ಕೊಲೈ ಬೆಳೆದ ತಟ್ಟೆಯ ವಾಸನೆಯನ್ನು ಮರೆಯಬೇಕೆಂದರೂ ಆಗದು. ತಟ್ಟೆಯನ್ನು ಕಪ್ಪು ಕಾಗದದ ಮೇಲಿಟ್ಟು ನೋಡಿದರೆ, ಮೈತುಂಬ ಮಂಜು ಹಾಸಿದ ಬಿಳುಪು, ನಡುನಡುವೆ ತಿಳಿಯಾದ ದುಂಡು ಬಯಲುಗಳು. ಸೊಪ್ಪಿನ ಸಾರ ಹರಡಿದಷ್ಟು ದೂರ ಬ್ಯಾಕ್ಟೀರಿಯಾ ಬೆಳೆದಿಲ್ಲ. ಆರಿಯಸ್‌ನ ತಟ್ಟೆಯಲ್ಲಿ ದಾಳಿಂಬೆ ಸಿಪ್ಪೆಯ ಸುತ್ತ ಒಳ್ಳೆಯ ಅಗಲ, ಸೀಬೆಯ ಸುತ್ತ ಅದಕ್ಕಿಂತ ಕಿರಿದು. ಈಥರ್ ಸಾರದ ಗುಳಿಗಳ ಅಂಚಿನವರೆಗೂ ಮಂಜು ಬಂದು ನಿಂತಿದೆ. ಸಾಲ್ಮೊನೆಲ್ಲಾದ ತಟ್ಟೆಯಲ್ಲಿ ಎಲ್ಲವೂ ಕುಗ್ಗಿವೆ. ಈ ವ್ಯತ್ಯಾಸ ಅನಿರೀಕ್ಷಿತವಲ್ಲ. 1884ರಲ್ಲಿ ಡೆನ್ಮಾರ್ಕಿನ ಹನ್ಸ್ ಕ್ರಿಶ್ಚಿಯನ್ ಗ್ರಾಮ್ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪು ಮಾಡಿದ. ಬಣ್ಣ ಹಿಡಿದಿಟ್ಟುಕೊಳ್ಳುವ ಆರಿಯಸ್, ಸೀರಿಯಸ್ ಒಂದು ಕಡೆ. ಬಣ್ಣ ಬಿಟ್ಟುಕೊಡುವ ಇ. ಕೊಲೈ, ಸಾಲ್ಮೊನೆಲ್ಲಾ ಇನ್ನೊಂದು ಕಡೆ. ಈ ಎರಡನೆಯವಕ್ಕೆ ಹೊರಗೊಂದು ಹೆಚ್ಚಿನ ಪೊರೆ, ಅದನ್ನು ದಾಟಿ ಒಳಹೋಗುವುದು ಸೊಪ್ಪಿನ ಸಾರಕ್ಕೆ ಕಷ್ಟ.

ದಾಳಿಂಬೆಯ ಗೆಲುವು ಹೊಸ ಸುದ್ದಿಯೂ ಅಲ್ಲ. ಕಟ್ಟಾಯದಿಂದ ಮೈಸೂರು ದೂರವಿಲ್ಲ. ಅಲ್ಲಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಬಾಗಿಲು ತೆರೆದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ಸಿಎಫ್‌ಟಿಆರ್‌ಐನಲ್ಲಿ, ಪಿ.ಎಸ್. ನೇಗಿ ಮತ್ತು ಜಿ.ಕೆ. ಜಯಪ್ರಕಾಶ ದಾಳಿಂಬೆ ಸಿಪ್ಪೆಯನ್ನು ಬೇರೆ ಬೇರೆ ದ್ರಾವಕಗಳಲ್ಲಿ ಇಳಿಸಿ ಬ್ಯಾಸಿಲಸ್ ಸೀರಿಯಸ್, ಆರಿಯಸ್, ಇ. ಕೊಲೈ ಮೊದಲಾದವುಗಳ ಮೇಲೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1999ರಲ್ಲಿ, ಅರಿಸಿನದಿಂದ ಕುರ್ಕುಮಿನ್ ತೆಗೆದ ಮೇಲೆ ಉಳಿಯುವ ಎಣ್ಣೆಯ ಮೇಲೆ ಇದೇ ಬಗೆಯ ಕೆಲಸ ಅಲ್ಲಿಂದ ಹೊರಬಂದಿತ್ತು. ಎರಡೂ ಕಡೆ ಆರಿಸಿಕೊಂಡದ್ದು ಎಸೆಯುವ ವಸ್ತುವನ್ನು, ಸಿಪ್ಪೆಯನ್ನೋ ಉಳಿಕೆಯನ್ನೋ. ಗಿಡದ ಬೇರು ಕಿತ್ತು ತರುವ ಸಂಶೋಧನೆಗಿಂತ ಇದು ನನಗೆ ಹೆಚ್ಚು ಹಿಡಿಸುತ್ತದೆ.

ಹುಡುಗಿ ಸ್ಕೇಲಿಟ್ಟು ಬಯಲಿನ ಅಗಲ ಅಳೆಯುತ್ತಾಳೆ, ಫೋಟೊ ತೆಗೆಯುತ್ತಾಳೆ. ಇಂಥ ಎಷ್ಟೋ ವರದಿಗಳು ಇಲ್ಲಿಗೇ ನಿಂತುಬಿಡುತ್ತವೆ: ಇಂಥ ಸೊಪ್ಪು ಇಷ್ಟು ಮಿಲಿಮೀಟರ್, ಆದ್ದರಿಂದ ಇದು ದಿವ್ಯೌಷಧ. ಅವಳ ಮೇಡಂ ಅಲ್ಲಿಗೆ ನಿಲ್ಲಿಸಲು ಬಿಡುವವರಲ್ಲ.

‘ಅಗಲ ನೋಡಿ ಗೆದ್ದವರು ಯಾರು ಅಂತ ಹೇಳ್ತೀಯಾ? ಟ್ಯಾನಿನ್ ಎಷ್ಟು ದೊಡ್ಡ ಅಣು ಗೊತ್ತಲ್ಲ. ಅಗರಿನೊಳಗೆ ತೆವಳ್ಕೊಂಡು ಹೋಗುತ್ತೆ. ಚಿಕ್ಕ ಅಣು ಓಡುತ್ತೆ. ಇದು ಓಟದ ಪಂದ್ಯ ಆಯ್ತು, ಕುಸ್ತಿ ಎಲ್ಲಿ?’

ಕುಸ್ತಿಗೆ ಬೇರೆ ಅಂಕಣವಿದೆ. 96 ಸಣ್ಣ ಗುಂಡಿಗಳ ಪ್ಲಾಸ್ಟಿಕ್ ಹಲಗೆ. ಮೊದಲ ಗುಂಡಿಯಲ್ಲಿ ಸಾರ ಗಟ್ಟಿಯಾಗಿ, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದೆ ಅರ್ಧದ ಅರ್ಧ. ಎಲ್ಲದಕ್ಕೂ ಅಷ್ಟಷ್ಟೇ ಬ್ಯಾಕ್ಟೀರಿಯಾ. ರಾತ್ರಿ ಕಳೆದ ಮೇಲೆ ರೆಸಜುರಿನ್ ಎಂಬ ನೀಲಿ ಬಣ್ಣದ ಹನಿ. ಜೀವ ಇರುವ ಗುಂಡಿಯಲ್ಲಿ ನೀಲಿ ಗುಲಾಬಿಗೆ ತಿರುಗುತ್ತದೆ, ಇಲ್ಲದಲ್ಲಿ ನೀಲಿಯಾಗಿಯೇ ಉಳಿಯುತ್ತದೆ. ನೀಲಿ ಉಳಿದ ಕೊನೆಯ ಗುಂಡಿಯ ಪ್ರಮಾಣವೇ ಆ ಸೊಪ್ಪಿನ ನಿಜವಾದ ಬಲ. ಹಾಲಿನ ಕೇಂದ್ರಗಳಲ್ಲಿ ಮೆಥಿಲೀನ್ ಬ್ಲೂ ಹಾಕಿ ಹಾಲಿನ ಗುಣ ನೋಡುವ ಪರೀಕ್ಷೆಯ ತತ್ವವೂ ಇದೇ: 37 ಡಿಗ್ರಿಯಲ್ಲಿ ಒಳ್ಳೆಯ ಹಾಲು ಐದು ಗಂಟೆ ದಾಟಿದರೂ ನೀಲಿ, ಕೊಳಕು ಹಾಲು ಅರ್ಧ ಗಂಟೆಯೊಳಗೆ ಬಿಳಿ.

ಗುಂಡಿಯಿಂದ ಆಹಾರಕ್ಕೆ ಇಳಿದಾಗ ಕಥೆ ಕೆಡುತ್ತದೆ. ದಾಳಿಂಬೆ ಸಿಪ್ಪೆಯ ಸಾರವನ್ನು ಹಾಲಿಗೆ ಹಾಕಿದರೆ ಅದರ ಟ್ಯಾನಿನ್ ಹಾಲಿನ ಪ್ರೋಟೀನನ್ನೇ ತಬ್ಬಿಕೊಂಡು ಅಲ್ಲೇ ಖರ್ಚಾಗುತ್ತದೆ, ಬ್ಯಾಕ್ಟೀರಿಯಾದ ಪಾಲಿಗೆ ಉಳಿಯುವುದು ಅಷ್ಟಕ್ಕಷ್ಟೆ. ದೊಡ್ಡಪತ್ರೆಯ ಎಣ್ಣೆ ಕೊಬ್ಬಿನಲ್ಲಿ ಕರಗಿ ಅಡಗುತ್ತದೆ. ಸುಗಂಧ ತೈಲಗಳ ಬಗ್ಗೆ ಅಲ್ಲಿಯವರೆಗೆ ಬಂದ ಕೆಲಸವನ್ನೆಲ್ಲ ಕಲೆಹಾಕಿ 2004ರಲ್ಲಿ ಸಾರಾ ಬರ್ಟ್ ಬರೆದ ವಿಮರ್ಶೆಯ ಲೆಕ್ಕ ಹೀಗಿದೆ: ಪ್ರಯೋಗಶಾಲೆಯ ದ್ರವದಲ್ಲಿ ಬೇಕಾದದ್ದಕ್ಕಿಂತ ಅರ್ಧ ಕೊಬ್ಬು ತೆಗೆದ ಹಾಲಿನಲ್ಲಿ ಸುಮಾರು ಎರಡು ಪಟ್ಟು, ಸೂಪಿನಲ್ಲಿ 50 ಪಟ್ಟು, ಮೆತ್ತನೆಯ ಚೀಸಿನಲ್ಲಿ 25ರಿಂದ 100 ಪಟ್ಟು ಬೇಕಾಗುತ್ತದೆ. ತಟ್ಟೆಯಲ್ಲಿ ಗೆದ್ದ ಸೊಪ್ಪು ತಪ್ಪಲೆಯಲ್ಲಿ ಸೋಲುವುದು ಹೀಗೆ.

ಲಾಂಟಾನದ ತಟ್ಟೆಯೂ ಅವಳ ಮುಂದಿತ್ತು. ಆ ಎಲೆಯ ಸಾರವೂ ಬಯಲು ಬಿಡಿಸುತ್ತದೆ. ಆದರೆ ಅದನ್ನು ಮೇಯ್ದ ದನದ ಪಿತ್ತಕೋಶ, ಯಕೃತ್ತು ಕೆಟ್ಟು, ಬಿಸಿಲಿಗೆ ನಿಂತರೆ ಚರ್ಮ ಸುಲಿದು ಬರುವುದನ್ನು ಹಾಸನದ ಯಾವ ಗೊಲ್ಲನೂ ಹೇಳಬಲ್ಲ. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ವಿಷಕ್ಕೆ ಯಾವ ಸಂಕೋಚವೂ ಇಲ್ಲ. ಅದನ್ನು ಪಟ್ಟಿಯಿಂದ ಹೊಡೆದುಹಾಕಿದಳು. ಆರಿಯಸ್, ಸೀರಿಯಸ್‌ಗಳ ವಿಷ ಒಮ್ಮೆ ಆಹಾರದಲ್ಲಿ ಸೇರಿದ ಮೇಲೆ ಯಾವ ಕಷಾಯವೂ ಅದನ್ನು ಅಳಿಸುವುದಿಲ್ಲ ಎಂಬುದನ್ನೂ ಮೇಡಂ ವರದಿಯಲ್ಲಿ ಬರೆಸಿದರು. ಸೊಪ್ಪು ಏನಾದರೂ ಮಾಡುವುದಿದ್ದರೆ ವಿಷ ಹುಟ್ಟುವ ಮೊದಲು ಮಾಡಬೇಕು. ನಮ್ಮ ಮನೆಗಳಲ್ಲಿ ಬೆಣ್ಣೆ ಕಾಯಿಸುವಾಗಲೇ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುತ್ತಾರೆ, ತುಪ್ಪ ಕಮಟಿದ ಮೇಲೆ ಯಾರೂ ಹಾಕುವುದಿಲ್ಲ.

ಆಮೇಲೆ ಅನ್ನದ ಸರದಿ. ಎರಡು ಕಡೆ ಎರಡು ಅಡುಗೆ. ಪ್ರಯೋಗಶಾಲೆಯಲ್ಲಿ ಬೇಯಿಸಿದ ಅನ್ನಕ್ಕೆ ಸೀರಿಯಸ್‌ನ ಬೀಜಕಣ ಬೆರೆಸಿ, ಕೆಲವು ಡಬ್ಬಿಗೆ ಅರೆದ ದೊಡ್ಡಪತ್ರೆ, ಕೆಲವಕ್ಕೆ ಏನೂ ಇಲ್ಲ. ಹೊತ್ತುಹೊತ್ತಿಗೆ ಚೂರು ತೆಗೆದು ಕಲಸಿ ಎಣಿಕೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಅದೇ ಅಕ್ಕಿ, ಅದೇ ಅಳತೆಯ ಸೊಪ್ಪು, ಬ್ಯಾಕ್ಟೀರಿಯಾದ ಸುಳಿವಿಲ್ಲ. ಅದು ರುಚಿ ನೋಡುವವರಿಗೆ.

‘ಲೇ, ಡಬ್ಬಿ ಅದಲು ಬದಲು ಆಗಿಲ್ಲ ತಾನೆ?’ ಎಂಬುದು ಗೆಳತಿಯರ ಮೊದಲ ಪ್ರಶ್ನೆ. ಆಗಿಲ್ಲವೆಂದು ಆಣೆ ಮಾಡಿದ ಮೇಲೆ ಒಂಬತ್ತು ಅಂಕದ ಫಾರಂ ಹಿಡಿದು ಕೂತರು. ಸೊಪ್ಪು ಸ್ವಲ್ಪವೇ ಇದ್ದ ಅನ್ನಕ್ಕೆ ಏಳು, ಎಂಟು ಬಂತು. ಸೀರಿಯಸ್ ತಲೆಯೆತ್ತದಷ್ಟು ಸೊಪ್ಪು ಹಾಕಿದ ಅನ್ನಕ್ಕೆ ಎರಡು. ದೊಡ್ಡಪತ್ರೆಯಲ್ಲೂ ಓಮದಲ್ಲೂ ಇರುವ ಘಾಟು ಒಂದೇ ಜಾತಿಯದ್ದು, ಕಾರ್ವಕ್ರಾಲ್, ಥೈಮಾಲ್. ಷರಾ ಬರೆಯುವ ಜಾಗದಲ್ಲಿ ಒಬ್ಬಳು ಗೀಚಿದ್ದಳು: ‘ಅನ್ನ ಎಲ್ಲಿದೆ? ಬರೀ ಓಮದ ನೀರು.’

ಮೇಡಂ ಫಾರಂಗಳನ್ನು ತಿರುವಿಹಾಕಿ ನಕ್ಕರು. ಒಂದೇ ತಡೆಗೋಡೆಯನ್ನು ಆಳೆತ್ತರ ಕಟ್ಟಿದರೆ ಉಣ್ಣುವವರಿಗೂ ದಾಟಲಾಗದು. ಸಣ್ಣ ಸಣ್ಣ ಗೋಡೆ ಮೂರು ನಾಲ್ಕು ಕಟ್ಟು ಎಂಬುದು ಆಹಾರ ಸಂರಕ್ಷಣೆಯವರು ಒಪ್ಪಿರುವ ದಾರಿ. ಸ್ವಲ್ಪ ಹುಳಿ, ಸ್ವಲ್ಪ ಉಪ್ಪು, ಸ್ವಲ್ಪ ಸೊಪ್ಪು, ಬೇಗ ತಣ್ಣಗಾಗಿಸುವುದು. ಪುಳಿಯೋಗರೆಯ ಬುತ್ತಿ ಯಾತ್ರೆಗೆ ಹೋಗಿ ಬರುವುದು ಹುಣಸೆಯ ಹುಳಿಯ ದೆಸೆಯಿಂದ, ಅಷ್ಟು ಹುಳಿಯಲ್ಲಿ ಸೀರಿಯಸ್ ಸರಾಗವಾಗಿ ಬೆಳೆಯಲಾರದು.

‘ಸೊಪ್ಪು ಕಾಲು ಭಾಗಕ್ಕೆ ಇಳಿಸು. ಹುಣಸೆ ಸೇರಿಸಿ ಎಣಿಸು. ಅದಕ್ಕೆ ಮುಂಚೆ ಬರೀ ಹುಣಸೆಯದ್ದೂ ಎಣಿಸು, ಇಲ್ಲಾಂದ್ರೆ ಗೆದ್ದೋರ್ಯಾರು ಅಂತ ಮತ್ತೆ ಜಗಳ.’

ಸಂಜೆ ಸಂತೆಪೇಟೆಗೆ ಹೊರಟ ಗೆಳತಿಯ ಚೀಟಿಯಲ್ಲಿ ಅಕ್ಕಿಯ ಕೆಳಗೆ ಹುಣಸೆಹಣ್ಣು ಕಾಲು ಕೆ.ಜಿ. ಎಂದು ಸೇರಿತು, ಅದರ ಕೆಳಗೆ ಪಿ.ಎಚ್. ಮೀಟರಿಗೆ ಎರಡು ಬ್ಯಾಟರಿ.